ಹ್ಯಾಂಕ್ ವಿಲಿಯಮ್ಸನ ಹಾಡುಗಬ್ಬ

೧

ಕವಿಯ ದುಃಖವೇ ಕಾವ್ಯವೆಂಬ ಮಾತು ಲೋಕದಲ್ಲಿ ಬಹುಕಾಲದಿಂದ ಸಲ್ಲುತ್ತ ಬಂದಿದೆ. ಆದಿಕವಿಯ ಶೋಕವು ಶ್ಲೋಕವಾಯಿತೆಂಬ ಪ್ರಸಿದ್ಧಿಯನ್ನು ಇದಕ್ಕೆ ಆಧಾರವಾಗಿ ಹೇಳುವುದೂ ಉಂಟು. ಆದರೆ ಆ ಕಥೆಯನ್ನು ನಿಧಾನಿಸಿ ನೋಡಿದರೆ ಎರಡು ಸಂಗತಿಗಳು ಗೋಚರವಾಗುತ್ತವೆ. ಬಾಣ ತಗುಲಿದುದು ಪಕ್ಷಿಗೆ. ಗೋಳಿಟ್ಟುದು ಅದರ ಸಂಗಾತಿ. ನುಡಿದವನು ಮಾತ್ರ ಮುನಿ. ಇದು ಮೊದಲನೆಯದು. ಆ ಮುನಿಯ ಮರುಕಕ್ಕೂ ಪಾದಗಳ ಕಟ್ಟು ಬೇಕಾಯಿತು, ವೀಣೆಗೆ ಒಗ್ಗುವ ಅಳತೆ ಬೇಕಾಯಿತು. ಇದು ಎರಡನೆಯದು. ಅಳುವವರೆಲ್ಲರೂ ಕವಿಗಳಾಗುವಂತಿದ್ದರೆ ಲೋಕದಲ್ಲಿ ಕಾವ್ಯಕ್ಕೆ ಬರವೆಂಬುದೇ ಇರುತ್ತಿರಲಿಲ್ಲ.

ಈ ಹಳೆಯ ವಿಚಾರವನ್ನು ಮತ್ತೆ ಎತ್ತಿಕೊಳ್ಳುವಂತೆ ಮಾಡುವ ಆಧುನಿಕ ಗೀತಕಾರರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಹ್ಯಾಂಕ್ ವಿಲಿಯಮ್ಸನು ಮುಖ್ಯನಾದವನು. ಅವನು ಹಾಡಿದುದು ‘ಕಂಟ್ರಿ’ ಎಂಬ ಸಂಗೀತ. ಕಂಟ್ರಿಯೆಂದರೆ ಹಳ್ಳಿಗಾಡು. ಆ ದೇಶದ ದಕ್ಷಿಣದ ಬೆಟ್ಟಗಾಡುಗಳಲ್ಲಿಯೂ ಹತ್ತಿಯ ಸೀಮೆಯಲ್ಲಿಯೂ ಬೆಳೆದ ಈ ಸಂಗೀತಕ್ಕೆ ಮೂಲಗಳು ಹಲವು. ಬ್ರಿಟಿಷ್ ದ್ವೀಪಗಳಿಂದ ಹೋಗಿ ನೆಲೆಸಿದವರು ಒಯ್ದ ಕಥನಗೀತಗಳು, ಕ್ರೈಸ್ತ ಪ್ರಾರ್ಥನಾ ಮಂದಿರಗಳ ಸ್ತೋತ್ರಗಳು, ಗುಲಾಮಗಿರಿಯನ್ನು ಉಂಡ ಕಪ್ಪುಜನರ ‘ಬ್ಲೂಸ್’ ಎಂಬ ಶೋಕಗೀತಗಳು, ಇವು ಪಿಟೀಲು, ಬ್ಯಾಂಜೋ, ಗಿಟಾರುಗಳ ಮೇಳದಲ್ಲಿ ಕೂಡಿಕೊಂಡವು. ೧೯೨೭ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಜಿಮ್ಮಿ ರಾಜರ್ಸನ ಮತ್ತು ಕಾರ್ಟರ್ ಕುಟುಂಬದವರ ಹಾಡುಗಳು ಗ್ರಾಮಫೋನು ತಟ್ಟೆಗೆ ಏರಿದ ಮೇಲೆ ಈ ಸಂಗೀತವು ಊರಿನ ಎಲ್ಲೆಯನ್ನು ದಾಟಿ, ತಟ್ಟೆಯ ಮೂಲಕವೂ ಬಾನುಲಿಯ ಮೂಲಕವೂ ದೇಶವನ್ನೆಲ್ಲ ವ್ಯಾಪಿಸಿತು.

ಹ್ಯಾಂಕನು ಹಾಡುಗಳನ್ನು ಮುದ್ರಿಸಿದ ಕಾಲ ಆರು ವರ್ಷ ಮಾತ್ರ. ೧೯೫೩ನೆಯ ಇಸವಿ ಜನವರಿ ೧ರಂದು, ೨೯ ವರ್ಷ ವಯಸ್ಸಿನಲ್ಲಿ, ಕುಡಿತದಿಂದಲೂ ಮಾದಕೌಷಧಗಳಿಂದಲೂ ಜರ್ಜರಿತನಾಗಿ, ಕಛೇರಿಗೆಂದು ಸಾಗುತ್ತಿದ್ದ ಮೋಟಾರಿನ ಹಿಂದಿನ ಪೀಠದಲ್ಲಿ ಅವನು ಮೃತನಾದನು. ಆ ದಿನದಿಂದ ಒಂದು ಐತಿಹ್ಯವು ಹುಟ್ಟಿಕೊಂಡಿತು. ಅವನ ಹಾಡುಗಳೆಲ್ಲ ಅವನ ಕಣ್ಣೀರು. ಅವನು ಕೆಟ್ಟುದರಿಂದಲೇ ಹಾಡು ಒಳ್ಳೆಯದಾಯಿತು. ಹಾಗೆ ಬಾಳದವನಿಗೆ ಹಾಗೆ ಹಾಡಲು ಬಾರದು, ಎಂಬುದು ಆ ಐತಿಹ್ಯದ ಸಾರ. ಇದು ಎಷ್ಟು ದಿಟ ಎಂಬುದೇ ಇಲ್ಲಿ ವಿಚಾರಮಾಡತಕ್ಕ ವಿಷಯ. ಇದು ಪಂಡಿತರ ಕಾಲಕ್ಷೇಪಕ್ಕೆ ಮಾತ್ರ ಸೇರಿದ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಆದರೆ ಅದನ್ನು ನಂಬಿದ ತರುಣರ ಪ್ರಾಣದ ಪ್ರಶ್ನೆಯೂ ಇದರಲ್ಲಿ ಅಡಗಿದೆ.

೨

ಹ್ಯಾಂಕನು ೧೯೨೩ನೆಯ ಇಸವಿ ಸೆಪ್ಟೆಂಬರ್ ೧೭ರಂದು ಅಲಬಾಮ ಪ್ರಾಂತದ ಬಟ್ಲರ್ ಜಿಲ್ಲೆಯ ಮೌಂಟ್ ಆಲಿವ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆತಾಯಿಗಳು ಇಟ್ಟ ಹೆಸರು ಹೈರಮ್. ತಂದೆ ಲಾನ್ ವಿಲಿಯಮ್ಸನು ಮರದ ದಿಮ್ಮಿಗಳನ್ನು ಸಾಗಿಸುವ ಕಂಪೆನಿಗಳ ರೈಲುಗಳಲ್ಲಿ ದುಡಿಯುತ್ತಿದ್ದನು. ಮೊದಲನೆಯ ಮಹಾಯುದ್ಧದಿಂದ ಹಿಂತಿರುಗಿ ಬಂದಿದ್ದ ಅವನು ೧೯೩೦ರಲ್ಲಿ ನಿವೃತ್ತ ಯೋಧರ ಆಸ್ಪತ್ರೆಯನ್ನು ಸೇರಿ ವರ್ಷಗಟ್ಟಲೆ ಮನೆಗೆ ದೂರನಾದನು. ಮನೆಯ ಭಾರವೆಲ್ಲ ತಾಯಿ ಲಿಲ್ಲಿಯ ಮೇಲೆ ಬಿದ್ದಿತು. ಆಕೆ ದೇವಮಂದಿರದಲ್ಲಿ ಆರ್ಗನ್ ವಾದ್ಯವನ್ನು ನುಡಿಸುವಳು; ಊಟವಸತಿಯ ಮನೆಯನ್ನು ನಡೆಸಿ ಮಕ್ಕಳನ್ನು ಸಾಕಿದಳು. ಹುಡುಗನಿಗೆ ಹುಟ್ಟಿನಿಂದಲೇ ಬೆನ್ನುಹುರಿಯ ಎಲುಬಿನಲ್ಲಿ ಒಂದು ದೋಷವಿದ್ದಿತು. ಆ ನೋವು ಅವನನ್ನು ಸಾಯುವವರೆಗೆ ಬಿಡಲಿಲ್ಲ. ಉಳಿದ ಹುಡುಗರಂತೆ ಮೈಮುರಿದು ದುಡಿಯಲಾರದವನು ಕಡಲೆಕಾಯಿ ಮಾರಿದನು, ಬೀದಿಯಲ್ಲಿ ಬೂಟುಗಳಿಗೆ ಮೆರುಗು ಕೊಟ್ಟನು, ಗಿಟಾರನ್ನು ಹಿಡಿದನು.

ಜಾರ್ಜಿಯಾನ, ಗ್ರೀನ್‌ವಿಲ್ ಎಂಬ ಸಣ್ಣ ಊರುಗಳ ಬೀದಿಯಲ್ಲಿ ರೂಫಸ್ ಪೇನ್ ಎಂಬ ಕಪ್ಪುಜನಾಂಗದ ಗಾಯಕನೊಬ್ಬನು ಹಾಡಿ ಹೊಟ್ಟೆಹೊರೆಯುತ್ತಿದ್ದನು. ಜನರು ಅವನನ್ನು ‘ಟೀಟಾಟ್’ ಎಂದು ಕರೆಯುತ್ತಿದ್ದರು. ಬಿಳಿಯರಿಗೂ ಕಪ್ಪುಜನರಿಗೂ ಶಾಲೆ ಬೇರೆ, ರೈಲಿನ ಪೀಠ ಬೇರೆ, ಸ್ಮಶಾನವೂ ಬೇರೆ ಎಂದು ಕಟ್ಟುಮಾಡಿದ್ದ ಕಾಲ ಅದು. ಆದರೂ ಬಿಳಿಯರ ಹುಡುಗನು ಬೀದಿಯಲ್ಲಿ ಆ ಗಾಯಕನ ಹಿಂದೆ ತಿರುಗಿದನು. ಕೈಯಲ್ಲಿದ್ದ ಕಾಸನ್ನೋ ತಾಯಿ ಮಾಡಿದ ಅಡಿಗೆಯನ್ನೋ ಗುರುದಕ್ಷಿಣೆಯಾಗಿ ಕೊಟ್ಟು ಕಲಿತನೆಂದು ಹೇಳುತ್ತಾರೆ. ತನ್ನ ಸಂಗೀತಶಿಕ್ಷಣವೆಲ್ಲ ಈತನಿಂದಲೇ ಎಂದು ಹ್ಯಾಂಕನು ಪ್ರಸಿದ್ಧನಾದ ಮೇಲೆಯೂ ಹೇಳಿಕೊಂಡನು. ಪೇನನು ೧೯೩೯ರಲ್ಲಿ ಮಾಂಟ್‌ಗಮರಿ ನಗರದಲ್ಲಿ ಬಡವನಾಗಿಯೇ ತೀರಿಕೊಂಡನು. ಅದೇ ನಗರದಲ್ಲಿ ಶಿಷ್ಯನ ಸಮಾಧಿಯ ಮೇಲೆ ಎತ್ತರವಾದ ಸ್ಮಾರಕವಿದೆ. ಗುರುವಿನ ನೆನಪಿಗೆ ಸ್ಮಶಾನದಲ್ಲಿ ಮುಂದೆ ಒಂದು ಕಲ್ಲನ್ನು ನೆಡಿಸಿದರಾದರೂ, ಅವನನ್ನು ಹೂಳಿದ ಜಾಗ ಇದೇ ಎಂದು ತೋರಿಸಬಲ್ಲವರಿಲ್ಲ.

೧೯೩೭ರಲ್ಲಿ ಮನೆಯವರು ಮಾಂಟ್‌ಗಮರಿಗೆ ಬಂದು ನೆಲೆಸಿದ ಮೇಲೆ ಹುಡುಗನು ಅಲ್ಲಿಯ ಬಾನುಲಿ ಕೇಂದ್ರದಲ್ಲಿ ಹಾಡತೊಡಗಿದನು. ‘ಡ್ರಿಫ್ಟಿಂಗ್ ಕೌಬಾಯ್ಸ್’ ಎಂಬ ಮೇಳವನ್ನು ಕಟ್ಟಿಕೊಂಡು ಪಾನಗೃಹಗಳಲ್ಲಿಯೂ ಕುಣಿತದ ಮನೆಗಳಲ್ಲಿಯೂ ಹಾಡಿದನು. ಕುಡಿತವೂ ಅಲ್ಲಿಯೇ ಅಂಟಿಕೊಂಡಿತು. ೧೯೪೪ರ ಡಿಸೆಂಬರಿನಲ್ಲಿ ಆಡ್ರಿ ಶೆಪರ್ಡಳನ್ನು ಮದುವೆಯಾದನು. ೧೯೪೬ರಲ್ಲಿ ನ್ಯಾಷ್‌ವಿಲ್ ನಗರಕ್ಕೆ ಹೋಗಿ ಗೀತಪ್ರಕಾಶಕನಾದ ಫ್ರೆಡ್ ರೋಸನನ್ನು ಕಂಡುದು ಅವನ ಬಾಳಿನ ದೊಡ್ಡ ತಿರುವು. ಆ ವರ್ಷದ ಕೊನೆಯಲ್ಲಿಯೇ ಮೊದಲ ಧ್ವನಿಮುದ್ರಣವಾಯಿತು. ೧೯೪೭ರಲ್ಲಿ ಎಂಜಿಎಂ ಕಂಪೆನಿ ಅವನ ‘ಮೂವ್ ಇಟ್ ಆನ್ ಓವರ್’ ಎಂಬ ಹಾಡನ್ನು ಹೊರತಂದಿತು. ೧೯೪೮ರಲ್ಲಿ ಶ್ರೀವ್‌ಪೋರ್ಟಿನ ‘ಲೂಸಿಯಾನ ಹೇರೈಡ್’ ಎಂಬ ಬಾನುಲಿ ಸಂಗೀತಸಭೆಯನ್ನು ಸೇರಿದನು. ೧೯೪೯ನೆಯ ಇಸವಿ ಜೂನ್ ೧೧ರಂದು ನ್ಯಾಷ್‌ವಿಲ್ಲಿನ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂಬ ಮಹಾಸಭೆಯಲ್ಲಿ ಅವನು ‘ಲವ್‌ಸಿಕ್ ಬ್ಲೂಸ್’ ಹಾಡಿದಾಗ ಸಭಿಕರು ಮತ್ತೆ ಮತ್ತೆ ಹಾಡಿಸಿದರು. ಆರು ಸಲವೆಂದು ಪ್ರತೀತಿ. ಅವನಿಗೆ ಈ ಮಹಾಕೀರ್ತಿಯನ್ನು ತಂದ ಹಾಡು ಅವನದಲ್ಲ. ಅದು ೧೯೨೨ರಲ್ಲಿ ಬೇರೆಯವರು ರಂಗಭೂಮಿಗಾಗಿ ರಚಿಸಿದುದು. ಅಂದು ಗೆದ್ದವನು ಗಾಯಕ. ಕವಿ ಗೆಲ್ಲುವುದು ಇನ್ನೂ ಮುಂದೆ ಇದ್ದಿತು.

ಆಮೇಲಿನ ಮೂರು ವರ್ಷಗಳಲ್ಲಿ ಕೀರ್ತಿಯೂ ಕೇಡೂ ಜೊತೆಯಾಗಿ ಬೆಳೆದವು. ೧೯೫೧ರ ಡಿಸೆಂಬರಿನಲ್ಲಿ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು, ನೋವು ಹೋಗಲಿಲ್ಲ. ೧೯೫೨ರಲ್ಲಿ ಆಡ್ರಿ ವಿಚ್ಛೇದನವನ್ನು ಪಡೆದಳು. ಆಗಸ್ಟಿನಲ್ಲಿ ಓಪ್ರಿ ಸಭೆಯವರು ಕುಡಿತದ ಕಾರಣದಿಂದ ಅವನನ್ನು ಹೊರಹಾಕಿದರು. ಅಕ್ಟೋಬರಿನಲ್ಲಿ ಬಿಲ್ಲಿ ಜೀನ್ ಎಂಬುವಳನ್ನು ಮದುವೆಯಾಗಿ, ಆ ಮದುವೆಯನ್ನೇ ನ್ಯೂ ಆರ್ಲಿಯನ್ಸ್ ನಗರದ ಸಭಾಭವನದಲ್ಲಿ ಟಿಕೀಟು ಮಾರಿ ಜನರಿಗೆ ತೋರಿಸಿದನು. ಪದವಿಪತ್ರವನ್ನು ಹಣಕ್ಕೆ ಕೊಂಡು ವೈದ್ಯನೆನಿಸಿಕೊಂಡವನೊಬ್ಬನು ಅವನಿಗೆ ಮಾದಕೌಷಧಗಳನ್ನು ಬರೆದುಕೊಡುತ್ತಿದ್ದನು. ಹೊಸವರ್ಷದ ದಿನ ಒಹಾಯೋ ಪ್ರಾಂತದ ಕ್ಯಾಂಟನ್ ನಗರದಲ್ಲಿ ಹಾಡಬೇಕಾಗಿದ್ದವನ ಪ್ರಯಾಣ ಪಶ್ಚಿಮ ವರ್ಜೀನಿಯದ ಓಕ್ ಹಿಲ್ ಎಂಬ ಊರಿನಲ್ಲಿ ಮುಗಿಯಿತು. ಜನವರಿ ೪ರಂದು ಮಾಂಟ್‌ಗಮರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಸುಮಾರು ೨೦,೦೦೦ ಜನ ನೆರೆದಿದ್ದರೆಂದು ಅಂದಾಜು. ಸಭಾಭವನದ ಮೇಲಿನ ಮಾಳಿಗೆಯಲ್ಲಿ ಕಪ್ಪುಜನರನ್ನು ಬೇರೆಯಾಗಿ ಕೂಡಿಸಿದ್ದರು.

೩

ಕಾವ್ಯಕ್ಕೆ ಕಾರಣವೇನೆಂಬ ಪ್ರಶ್ನೆಗೆ ಆಲಂಕಾರಿಕನಾದ ಮಮ್ಮಟನು ಮೂರು ಹೆಸರುಗಳನ್ನು ಹೇಳುತ್ತಾನೆ: ಶಕ್ತಿ, ನಿಪುಣತೆ, ಅಭ್ಯಾಸ. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆ ಲೋಕವನ್ನೂ ಪೂರ್ವಕವಿಗಳ ಕೃತಿಗಳನ್ನೂ ನೋಡಿ ಬರುವುದು. ಅಭ್ಯಾಸವೆಂದರೆ ಕಾವ್ಯವನ್ನು ಬಲ್ಲವರಿಂದ ತಿದ್ದಿಸಿಕೊಂಡು ಮತ್ತೆ ಮತ್ತೆ ಮಾಡುವುದು. ಈ ಮೂರೂ ಕೂಡಿ ಒಂದೇ ಕಾರಣವೆಂದು ಅವನ ಮತ. ದುಃಖವನ್ನು ಅವನು ಕಾರಣಗಳಲ್ಲಿ ಎಣಿಸಿಲ್ಲವೆಂಬುದನ್ನು ಗಮನಿಸತಕ್ಕದ್ದು. ಅಲಬಾಮದ ಗೀತಕಾರನಿಗೆ ಈ ಅಳತೆಗೋಲನ್ನು ಹಿಡಿಯುವುದು ವಿಚಿತ್ರವೆಂದು ತೋರಬಹುದು. ಆದರೆ ಅಳತೆ ಸರಿಯಾಗಿದ್ದರೆ ಅದು ಎಲ್ಲ ದೇಶದ ಬಟ್ಟೆಗೂ ಸಲ್ಲಬೇಕಷ್ಟೆ.

ಶಕ್ತಿಯ ವಿಷಯದಲ್ಲಿ ವಾದವಿಲ್ಲ. ಅವನಿಗೆ ಸಂಗೀತದ ಲಿಪಿಯನ್ನು ಓದಲು ಬರುತ್ತಿರಲಿಲ್ಲ, ಶಾಲೆಯ ಓದೂ ಮುಗಿಯಲಿಲ್ಲ. ಆದರೂ ಧಾಟಿಯೂ ಮಾತೂ ಒಂದರೊಳಗೊಂದು ಸೇರಿ ಬರುತ್ತಿದ್ದವು. ನಿಪುಣತೆಯನ್ನು ತಾಯಿಯ ದೇವಮಂದಿರ, ಪೇನನ ಬೀದಿ, ಹಗಲೆಲ್ಲ ದುಡಿದು ಇರುಳು ಮರೆಯಲು ಬಂದ ಜನರಿಂದ ತುಂಬಿದ ಪಾನಗೃಹ, ಈ ಮೂರು ಶಾಲೆಗಳು ಕೊಟ್ಟವು. ಸ್ತೋತ್ರದಿಂದ ಅವನು ಕಲಿತುದು ಸರಳವಾದ ಕಟ್ಟು. ಬ್ಲೂಸಿನಿಂದ ಕಲಿತುದು ತಾಳವನ್ನು ಎಳೆದು ಹಿಡಿಯುವ ಬಗೆ, ನೋವಿನ ನಡುವೆ ನಗುವ ಬಗೆ. ಪಾನಗೃಹದಿಂದ ಕಲಿತುದು, ಗದ್ದಲದಲ್ಲಿಯೂ ಕೇಳುವವನ ಕಿವಿಗೆ ಮೊದಲ ಸಾಲಿನಲ್ಲಿಯೇ ತಾಗಬೇಕೆಂಬ ಪಾಠ.

ಮೂರನೆಯದಾದ ಅಭ್ಯಾಸವನ್ನು ಐತಿಹ್ಯವು ಮರೆಮಾಡುತ್ತದೆ. ಫ್ರೆಡ್ ರೋಸನು ನುರಿತ ಗೀತಕಾರ. ಹ್ಯಾಂಕನು ತಂದ ಹಾಡುಗಳನ್ನು ಅವನು ಕುಳಿತು ಪರೀಕ್ಷಿಸುವನು. ಸಡಿಲವಾದ ಸಾಲನ್ನು ಬಿಗಿಮಾಡುವನು, ಬೇಡದ ನುಡಿಯನ್ನು ತೆಗೆಯುವನು. ಧ್ವನಿಮುದ್ರಣದ ವೇಳೆಯಲ್ಲಿಯೂ ಜೊತೆಗಿರುವನು. ಕೆಲವು ಹಾಡುಗಳಿಗೆ ಇಬ್ಬರ ಹೆಸರೂ ಇದೆ. ಇದರಿಂದ ಹಾಡುಗಳೆಲ್ಲ ರೋಸನವೇ ಎಂದು ವಾದಿಸಿದವರೂ ಉಂಟು. ಅದು ಯುಕ್ತವಲ್ಲ. ರೋಸನು ತಾನೊಬ್ಬನೇ ಬರೆದ ಗೀತಗಳು ನಯವಾಗಿವೆ. ಹ್ಯಾಂಕನ ಸಾಲಿನಲ್ಲಿರುವ ಒರಟು ನೇರತೆ ಅವುಗಳಲ್ಲಿಲ್ಲ. ಅಕ್ಕಸಾಲಿಗನು ಉಜ್ಜಿದನು, ಚಿನ್ನ ಹ್ಯಾಂಕನದೇ. ಆದರೆ ಉಜ್ಜಿಸಿಕೊಳ್ಳುವ ವಿನಯವು ಹ್ಯಾಂಕನಲ್ಲಿದ್ದಿತು. ತನ್ನ ಸಂಸಾರದಲ್ಲಿ ಯಾರ ಮಾತನ್ನೂ ಕೇಳದವನು ಹಾಡಿನ ವಿಷಯದಲ್ಲಿ ಗುರುವಿನ ಮಾತನ್ನು ಕೇಳಿದನು. ಅವನ ಬಾಳು ಕೆಟ್ಟು ಹಾಡು ಉಳಿದುದಕ್ಕೆ ಇದು ಬಲವಾದ ಕಾರಣ.

೪

ಲಕ್ಷಣವನ್ನು ಹೇಳಿದ ಮೇಲೆ ಲಕ್ಷ್ಯವನ್ನು ನೋಡಬೇಕು. ಅವನ ಕೃತಿಗಳಲ್ಲಿ ಸಹೃದಯರು ಶಿಖರವೆಂದು ಎಣಿಸುವ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ ಎಂಬುದನ್ನು ತೆಗೆದುಕೊಳ್ಳಬಹುದು. ೧೯೪೯ರ ಆಗಸ್ಟಿನಲ್ಲಿ ಸಿನ್ಸಿನಾಟಿ ನಗರದಲ್ಲಿ ಮುದ್ರಿತವಾದ ಈ ಹಾಡು ಮೊದಲು ಹೊರಬಂದುದು ಬೇರೊಂದು ಹಾಡಿನ ತಟ್ಟೆಯ ಹಿಂಬದಿಯಲ್ಲಿ. ಇದರ ವಿಷಯ ಇರುಳಿನ ಒಂಟಿತನ. ನಾಲ್ಕು ನುಡಿಗಳು, ನುಡಿಗೆ ನಾಲ್ಕು ಸಾಲು, ಬೇರೆಯಾದ ಪಲ್ಲವಿಯಿಲ್ಲ, ಮೂರೆಣಿಕೆಯ ತೂಗುವ ಲಯ. ರಾತ್ರಿ ಕೂಗುವ ಹಕ್ಕಿ, ನಡುರಾತ್ರಿಯ ರೈಲು, ಮೋಡದ ಮರೆಗೆ ಸರಿದ ಚಂದ್ರ, ಎಲೆಯುದುರುವ ಕಾಲದ ರಾಬಿನ್ ಹಕ್ಕಿ, ಕೊನೆಗೆ ಒಂದು ಉಲ್ಕೆ, ಇಷ್ಟೇ ಅದರ ಸಾಮಗ್ರಿ. ಯಾರು ಅಗಲಿದರು, ಏಕೆ ಅಗಲಿದರು, ತಪ್ಪು ಯಾರದು ಎಂಬುದರ ಸುದ್ದಿಯೇ ಇಲ್ಲ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಉದ್ದೀಪನ ವಿಭಾವಗಳನ್ನೆಲ್ಲ ಮೊದಲು ತಂದು ನಿಲ್ಲಿಸಿ, ಆಲಂಬನವನ್ನು ಕೊನೆಯ ನುಡಿಯವರೆಗೆ ಮುಚ್ಚಿಟ್ಟಿದ್ದಾನೆ. ಹಾಡು ಮುಗಿಯಲು ಎರಡೇ ಸಾಲು ಉಳಿದಿರುವಾಗ ‘ನೀನು’ ಎಂಬ ಶಬ್ದವು ಅಗಲಿದವಳನ್ನು ಕುರಿತು ಒಮ್ಮೆ ಬರುತ್ತದೆ. ಅಷ್ಟರಲ್ಲಿ ಕೇಳುವವನು ತನ್ನ ‘ನೀನು’ ಯಾರೆಂಬುದನ್ನು ತಾನೇ ನೆನೆದುಕೊಂಡಿರುತ್ತಾನೆ. ವಿಪ್ರಲಂಭವು ಕವಿಯದಾಗಿ ಮೊದಲಾಗಿ ಕೇಳುವವನದಾಗಿ ಮುಗಿಯುತ್ತದೆ.

ಇನ್ನು ಕಟ್ಟನ್ನು ನೋಡಬೇಕು. ನಾಲ್ಕು ನುಡಿಗಳಿಗೂ ಅಂತ್ಯಪ್ರಾಸ ಒಂದೇ. ‘ಐ’ ಎಂಬ ಒಂದೇ ಸ್ವರವು ಮೊದಲಿಂದ ಕೊನೆಯವರೆಗೆ ಶ್ರುತಿಯಂತೆ ಹಿಡಿದು ನಿಂತಿದೆ. ನಾಲ್ಕು ನುಡಿಗಳೂ ಮುಗಿಯುವುದು ಅಳುವೆಂಬ ಅರ್ಥದ ಒಂದೇ ಶಬ್ದದಿಂದ. ಆದರೆ ಮೂರು ನುಡಿಗಳಲ್ಲಿ ಆ ಶಬ್ದವು ಹಾಡುವವನಿಗೆ ಸೇರಿದುದು. ಎರಡನೆಯ ನುಡಿಯಲ್ಲಿ ಮಾತ್ರ ಅದು ಚಂದ್ರನಿಗೆ ಸೇರಿದೆ. ಅಲ್ಲಿ ಚಂದ್ರನು ಅತ್ತೇ ಅಳುತ್ತಾನೆ. ಹಾಡುವವನಾದರೋ ಅಳುವಷ್ಟಾಗಿದೆ ಎನ್ನುವನೇ ಹೊರತು ಅತ್ತೆನೆಂದು ಎಲ್ಲಿಯೂ ಹೇಳುವುದಿಲ್ಲ. ತಾನು ತಡೆದ ಕಣ್ಣೀರನ್ನು ಪ್ರಕೃತಿಯ ಕಣ್ಣಿನಲ್ಲಿ ಕಾಣಿಸಿದ್ದಾನೆ. ಉಲ್ಕೆಯ ಸಾಲಿನಲ್ಲಿ ಬೆಳಕಿನ ಧರ್ಮವನ್ನು ಮೌನಕ್ಕೆ ಆರೋಪಿಸಿ, ಕಿವಿಗೆ ಸೇರಿದುದನ್ನು ಕಣ್ಣಿಗೆ ಕೊಟ್ಟಿದ್ದಾನೆ. ಇಂಥ ಉಕ್ತಿಯು ಓದಿದ ಕವಿಯಲ್ಲಿ ಕಂಡಿದ್ದರೆ ವ್ಯಾಖ್ಯಾನಕಾರರು ವಿರೋಧಾಭಾಸವೆಂದು ಪುಟಗಟ್ಟಲೆ ಬರೆಯುತ್ತಿದ್ದರು.

ಶಾಸ್ತ್ರಜ್ಞರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷ. ಶೃಂಗಾರವೆಂದ ಮಾತ್ರಕ್ಕೆ ಶೃಂಗಾರವು ಹುಟ್ಟದು. ಹೀಗಿರಲು ಒಂಟಿತನವೆಂಬ ಶಬ್ದವನ್ನು ಹೆಸರಿನಲ್ಲಿಯೇ ಇಟ್ಟುಕೊಂಡು ಮತ್ತೆ ಮತ್ತೆ ಹಾಡುವ ಗೀತದಲ್ಲಿ ಧ್ವನಿಯೆಲ್ಲಿ? ಆಕ್ಷೇಪವು ನ್ಯಾಯವಾದುದು. ಸಮಾಧಾನವೇನೆಂದರೆ, ಚಿತ್ರಗಳಿಲ್ಲದೆ ಹೆಸರನ್ನು ಹೇಳಿದ್ದರೆ ದೋಷವಾಗುತ್ತಿತ್ತು. ಇಲ್ಲಿ ಚಿತ್ರಗಳು ಮೊದಲು ಬರುತ್ತವೆ. ಹೆಸರು ಅವುಗಳ ಹಿಂದೆ, ಹಾಡಿದವನಿಗೇ ತಡವಾಗಿ ತಿಳಿದಂತೆ, ತಗ್ಗಿದ ದನಿಯಲ್ಲಿ ಬರುತ್ತದೆ. ಪ್ರತಿಸಲವೂ ಮಾತು ಅದೇ. ಮುಂದಿನ ಚಿತ್ರ ಬೇರೆಯಾದುದರಿಂದ ಭಾರ ಬೇರೆ. ಇಷ್ಟನ್ನು ಕುಡಿದ ಮತ್ತಿನಲ್ಲಿ ಹೊಮ್ಮಿದ ಅಳುವೆಂದು ಹೇಳುವವರು ಹಾಡನ್ನು ಎಣಿಸಿ ನೋಡಿದವರಲ್ಲ.

‘ಕೋಲ್ಡ್ ಕೋಲ್ಡ್ ಹಾರ್ಟ್’ ಎಂಬ ಇನ್ನೊಂದು ಹಾಡು ಪತ್ನಿಯ ಮೇಲಿನ ಬೇಸರದಿಂದ ಹುಟ್ಟಿತೆನ್ನುವರು. ಹಿಂದೊಬ್ಬನಿಂದ ನೊಂದ ಹೆಣ್ಣು ಈಗಿನವನನ್ನು ನಂಬಲಾರಳು. ಒಬ್ಬನ ಅಪರಾಧಕ್ಕೆ ಇನ್ನೊಬ್ಬನು ದಂಡ ತೆರುತ್ತಿದ್ದಾನೆ, ಎಂಬುದು ಅದರ ವಸ್ತು. ೧೯೫೧ರಲ್ಲಿ ನ್ಯೂಯಾರ್ಕಿನ ಟೋನಿ ಬೆನೆಟ್ಟನು ಅದನ್ನು ವಾದ್ಯವೃಂದದೊಡನೆ ಹಾಡಿ ನಗರವಾಸಿಗಳ ಮನೆಮನೆಗೆ ಒಯ್ದನು; ಅದೇ ವರ್ಷ ಕಪ್ಪುಜನಾಂಗದ ಗಾಯಕಿ ಡೈನಾ ವಾಷಿಂಗ್‌ಟನ್ನಳು ತನ್ನ ರೀತಿಯಲ್ಲಿ ಹಾಡಿದಳು. ಈ ಇಬ್ಬರಿಗಾಗಲಿ, ಅವರನ್ನು ಕೇಳಿದ ಲಕ್ಷಾಂತರ ಜನರಿಗಾಗಲಿ ಹ್ಯಾಂಕನ ಸಂಸಾರದಿಂದ ಆಗಬೇಕಾದುದೇನು? ಸ್ವಂತ ಜಗಳವು ಸ್ವಂತದ್ದಾಗಿಯೇ ಉಳಿದಿದ್ದರೆ ಪರರು ಅದನ್ನು ಹಾಡಲಾಗುತ್ತಿರಲಿಲ್ಲ. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ೧೯೬೨ರಲ್ಲಿ ರೇ ಚಾರ್ಲ್ಸ್ ಎಂಬ ಅಂಧಗಾಯಕನು ಹ್ಯಾಂಕನ ‘ಯೂ ವಿನ್ ಅಗೈನ್’, ‘ಹೇ ಗುಡ್ ಲುಕಿಂಗ್’ ಎಂಬ ಎರಡು ಹಾಡುಗಳನ್ನು ತನ್ನ ಪ್ರಸಿದ್ಧವಾದ ಕಂಟ್ರಿ ಗೀತಸಂಪುಟದಲ್ಲಿ ಸೇರಿಸಿಕೊಂಡನು. ಪೇನನು ಬೀದಿಯಲ್ಲಿ ಕೊಟ್ಟ ವಿದ್ಯೆ ಹೀಗೆ ಅವನ ಜನರ ಕೊರಳಿಗೆ ಮರಳಿ ಬಂದಿತು.

೫

ಗುಣಗಳನ್ನು ಹೇಳಿ ದೋಷಗಳನ್ನು ಬಿಡುವುದು ವಿಮರ್ಶೆಯಾಗದು. ೧೯೫೦ರಿಂದ ಹ್ಯಾಂಕನು ‘ಲ್ಯೂಕ್ ದಿ ಡ್ರಿಫ್ಟರ್’ ಎಂಬ ಬೇರೆ ಹೆಸರಿನಲ್ಲಿ ಕೆಲವು ನೀತಿಬೋಧೆಯ ವಾಚನಗಳನ್ನು ಮುದ್ರಿಸಿದನು. ಹಿನ್ನೆಲೆಯಲ್ಲಿ ವಾದ್ಯ, ಮುಂದೆ ಮಾತು. ಪಾನಗೃಹಗಳ ಸಂಗೀತಯಂತ್ರಕ್ಕೆ ಹ್ಯಾಂಕನ ಹೆಸರನ್ನು ನೋಡಿಯೇ ತಟ್ಟೆ ತರಿಸುವ ವರ್ತಕರು ಮೋಸಹೋಗಬಾರದೆಂದು ಹೆಸರನ್ನು ಬದಲಾಯಿಸಿದರು. ಇವುಗಳಲ್ಲಿ ಮುರಿದ ಮನೆಗಳು, ಕೆಟ್ಟ ಮಕ್ಕಳು, ಪಶ್ಚಾತ್ತಾಪ ಎಲ್ಲವೂ ಇದೆ. ಬೋಧೆ ಮುಂದಾಗಿ ರಸವು ಹಿಂದೆ ಬಿದ್ದಿದೆ. ಅವನು ತನ್ನ ನಿಜದುಃಖವನ್ನು ನೇರವಾಗಿ ಮಾತಾಡಿದನೆನ್ನಬಹುದಾದ ಕೃತಿಗಳು ಬಹುಮಟ್ಟಿಗೆ ಇವೇ. ಅವನ ಕೃತಿಗಳಲ್ಲಿ ದುರ್ಬಲವಾದವೂ ಇವೇ. ಐತಿಹ್ಯದ ವಾದಕ್ಕೆ ಇದು ಅನುಕೂಲವಾದ ಸಾಕ್ಷ್ಯವಲ್ಲ.

ಅವನ ಲೋಕವು ಇಕ್ಕಟ್ಟಾದುದೆಂಬುದನ್ನೂ ಒಪ್ಪಬೇಕು. ಹೆಣ್ಣು ಅಲ್ಲಿ ಆಪಾದನೆಗೆ ಗುರಿಯಾಗುವಳೇ ಹೊರತು ಅವಳಿಗೆ ಉತ್ತರ ಹೇಳುವ ಅವಕಾಶವಿಲ್ಲ. ಧಾಟಿಗಳು ಕೆಲವೇ, ಕೆಲವು ಎರವಲು. ‘ಜಂಬಲಾಯ’ ಎಂಬ ವಿನೋದಗೀತವು ಲೂಸಿಯಾನದ ಫ್ರೆಂಚ್ ಮಾತಿನ ಜನರ ಹಳೆಯ ಧಾಟಿಯನ್ನು ಅನುಸರಿಸಿದುದು. ಆದರೆ ಇಕ್ಕಟ್ಟಾದ ಹೊಲವನ್ನು ಆಳವಾಗಿ ಉತ್ತನೆಂಬುದಕ್ಕೆ ‘ಕಾಲೈಜ’ ಎಂಬ ಹಾಡು ಸಾಕು. ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ ಮರದ ಬೊಂಬೆಯೊಂದು ಎದುರಿನ ಅಂಗಡಿಯ ಹೆಣ್ಣುಬೊಂಬೆಯನ್ನು ಪ್ರೀತಿಸಿ, ಹೇಳಲಾರದೆ ನಿಂತು, ಒಂದು ದಿನ ಯಾರೋ ಅವಳನ್ನು ಕೊಂಡುಹೋಗುವುದನ್ನು ನೋಡಿತು. ರೋಸನೊಡನೆ ಕೂಡಿ ಬರೆದ ಈ ಹಾಡು ನಗಿಸುತ್ತ ಹೊರಟು, ಮಾತು ಬಾರದ ಒಲವಿನ ಗತಿಯನ್ನು ಮನಸ್ಸಿಗೆ ನಾಟಿಸುತ್ತದೆ.

ಐತಿಹ್ಯವು ಹಾಡಿನ ಅರ್ಥವನ್ನೇ ಕೆಡಿಸಿದುದಕ್ಕೂ ಒಂದು ಉದಾಹರಣೆಯುಂಟು. ಅವನು ಸತ್ತಾಗ ಜನಪ್ರಿಯವಾಗುತ್ತಿದ್ದ ಹಾಡಿನ ಹೆಸರು ‘ಐಲ್ ನೆವರ್ ಗೆಟ್ ಔಟ್ ಆಫ್ ದಿಸ್ ವರ್ಲ್ಡ್ ಅಲೈವ್’. ಈ ಲೋಕದಿಂದ ಜೀವಂತವಾಗಿ ಪಾರಾಗುವಂತಿಲ್ಲವೆಂಬುದು ಅದರ ಭಾವ. ಸಾವನ್ನು ಕಂಡು ನುಡಿದ ಭವಿಷ್ಯವೆಂದು ಜನ ಅದನ್ನು ತಿಳಿದರು. ಹಾಡನ್ನು ಕೇಳಿದರೆ ಅದು ಹಾಸ್ಯ. ಕ್ಷುದ್ರ ದುರದೃಷ್ಟಗಳು ಒಂದರ ಮೇಲೊಂದಾಗಿ ಬೀಳುವ ಬಡಪಾಯಿಯ ನಗೆಪಾಟಲನ್ನು ಹ್ಯಾಂಕನೂ ರೋಸನೂ ಕೂಡಿ ೧೯೫೨ರ ಜೂನಿನಲ್ಲಿ ಮುದ್ರಿಸಿದ್ದರು. ಸಾವು ಬಂದು ಆ ನಗೆಯನ್ನು ಕೇಳಿಸದಂತೆ ಮಾಡಿತು.

ಹಾಗಾದರೆ ‘ಕಾಲೈಜ’, ‘ಯುವರ್ ಚೀಟಿಂಗ್ ಹಾರ್ಟ್’, ‘ಟೇಕ್ ದೀಸ್ ಚೇನ್ಸ್ ಫ್ರಮ್ ಮೈ ಹಾರ್ಟ್’ ಈ ಮೂರೂ ೧೯೫೨ನೆಯ ಇಸವಿ ಸೆಪ್ಟೆಂಬರ್ ೨೩ರ ಒಂದೇ ದಿನ ಮುದ್ರಿತವಾದವಲ್ಲ. ಆಗ ಅವನ ದೇಹವೂ ಸಂಸಾರವೂ ಪೂರ್ಣವಾಗಿ ಹಾಳಾಗಿದ್ದುವಲ್ಲ, ಎಂದು ಕೇಳಬಹುದು. ಪ್ರಶ್ನೆಯು ಬಲವಾದುದು. ಆದರೆ ಬೀಳುವ ಮನೆಯಲ್ಲಿ ದೀಪ ಚೆನ್ನಾಗಿ ಉರಿದರೆ ಅದು ಎಣ್ಣೆಯ ಗುಣ. ಗೋಡೆಯ ಬಿರುಕಿನ ಗುಣವಲ್ಲ. ಹದಿನೈದು ವರ್ಷಗಳ ಅಭ್ಯಾಸವು ಅವನ ಕೊರಳಿನಲ್ಲಿದ್ದಿತು, ರೋಸನು ಕೋಣೆಯಲ್ಲಿದ್ದನು. ಕುಡಿತವು ಆ ದಿನಕ್ಕೆ ಕೊಟ್ಟುದೇನೂ ಇಲ್ಲ. ಮುಂದಿನ ಮೂವತ್ತು ವರ್ಷಗಳನ್ನು ಮಾತ್ರ ಕಸಿದುಕೊಂಡಿತು. ಆ ದಿನದ ಆಚೆಗೆ ಅವನು ಮತ್ತೆ ಧ್ವನಿಮುದ್ರಣದ ಕೋಣೆಗೆ ಬರಲಿಲ್ಲ.

೬

ಐತಿಹ್ಯವು ಸತ್ತವನಿಗೆ ಹಾನಿಮಾಡಲಾರದು, ಬದುಕಿರುವವರಿಗೆ ಮಾಡುತ್ತದೆ. ಹ್ಯಾಂಕನ ಮಗನನ್ನು ಎಂಟು ವರ್ಷದ ಬಾಲಕನಾಗಿದ್ದಾಗಲೇ ವೇದಿಕೆ ಹತ್ತಿಸಿ ತಂದೆಯ ಹಾಡುಗಳನ್ನು ತಂದೆಯಂತೆಯೇ ಹಾಡಿಸಿದರು. ಆ ನೆರಳಿನಿಂದ ಹೊರಬಂದು ತನ್ನ ದನಿಯನ್ನು ಕಂಡುಕೊಳ್ಳಲು ಅವನಿಗೆ ಬಹುವರ್ಷಗಳು ಹಿಡಿದವು. ಟೆಕ್ಸಸ್ ಪ್ರಾಂತದ ಟೌನ್ಸ್ ವ್ಯಾನ್ ಜಾಂಟ್ ಎಂಬ ಗೀತಕಾರನು ಹ್ಯಾಂಕನ ಹಾಡುಗಳನ್ನು ಆದರ್ಶವಾಗಿ ಕಂಡವನು, ನಿಜವಾದ ಪ್ರತಿಭೆಯುಳ್ಳವನು. ಅವನನ್ನೂ ಕುಡಿತವು ಸವೆಯಿಸಿತು. ಅವನು ತೀರಿಕೊಂಡುದು ೧೯೯೭ನೆಯ ಇಸವಿ ಜನವರಿ ೧ರಂದು, ಹ್ಯಾಂಕನು ಸತ್ತ ದಿನದಂದೇ. ಜನರು ಇದನ್ನೂ ಐತಿಹ್ಯಕ್ಕೆ ಸೇರಿಸಿ ರೋಮಾಂಚಗೊಳ್ಳುತ್ತಾರೆ. ರೋಮಾಂಚಕ್ಕಿಂತ ವ್ಯಸನವೇ ಇಲ್ಲಿ ಯುಕ್ತವಾದ ಭಾವ.

ಕಾಲವು ಕೆಲವು ಸಾಕ್ಷ್ಯಗಳನ್ನು ತಡವಾಗಿ ತಂದುಕೊಟ್ಟಿದೆ. ೧೯೫೧ರಲ್ಲಿ ಹ್ಯಾಂಕನು ನ್ಯಾಷ್‌ವಿಲ್ಲಿನ ಬಾನುಲಿಯಲ್ಲಿ ‘ಮದರ್ಸ್ ಬೆಸ್ಟ್’ ಎಂಬ ಹಿಟ್ಟಿನ ಕಂಪೆನಿಗಾಗಿ ಮುಂಜಾನೆಯ ಕಾಲುಗಂಟೆಯ ಕಾರ್ಯಕ್ರಮಗಳನ್ನು ನಡೆಸುತ್ತಿದ್ದನು. ಅವುಗಳ ಮುದ್ರಣಗಳು ೨೦೦೮ರಿಂದ ಹೊರಬಂದಿವೆ. ಅವುಗಳಲ್ಲಿ ಕೇಳಿಬರುವವನು ನಗುವ, ಜೊತೆಗಾರರನ್ನು ಛೇಡಿಸುವ, ಹಿಟ್ಟನ್ನು ಹೊಗಳಿ ಮಾರುವ, ತಾಯಿಯ ಕಾಲದ ಸ್ತೋತ್ರಗಳನ್ನು ಭಕ್ತಿಯಿಂದ ಹಾಡುವ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ಕುಶಲಿ. ೨೦೧೦ರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಮಂಡಲಿಯವರು ಅವನಿಗೆ ಮರಣೋತ್ತರವಾದ ವಿಶೇಷ ಗೌರವವನ್ನು ಸಲ್ಲಿಸಿದಾಗ ಮೊದಲು ಎತ್ತಿ ಹೇಳಿದುದು ಅವನ ರಚನಾಕೌಶಲವನ್ನು; ಎಲ್ಲರಿಗೂ ಸಮಾನವಾದ ಭಾವಗಳನ್ನು ಸರಳವಾಗಿ ನುಡಿದ ಶಕ್ತಿಯನ್ನು. ಗೀತಕಾರ ಬಾಬ್ ಡಿಲನ್ನನೂ ತನ್ನ ಆತ್ಮಕಥೆಯಲ್ಲಿ, ಹಾಡನ್ನು ಕಟ್ಟುವ ಮೂಲನಿಯಮಗಳನ್ನು ಹ್ಯಾಂಕನ ತಟ್ಟೆಗಳನ್ನು ಕೇಳಿ ಕೇಳಿ ಕಲಿತುದಾಗಿ ಬರೆದಿದ್ದಾನೆ. ಬಲ್ಲವರು ಅವನಿಂದ ಕಲಿತುದು ಕಟ್ಟನ್ನು, ಕುಡಿತವನ್ನಲ್ಲ.

ಹ್ಯಾಂಕನಿಗೆ ದುಃಖವಿರಲಿಲ್ಲವೆಂದು ಯಾರೂ ಹೇಳಲಾರರು. ಬೆನ್ನಿನ ನೋವಿದ್ದಿತು, ಬಡತನವಿದ್ದಿತು, ಒಡೆದ ಮನೆಯಿದ್ದಿತು. ಆದರೆ ಅಂಥ ದುಃಖವು ಅಲಬಾಮದ ಪ್ರತಿಯೊಂದು ಬೀದಿಯಲ್ಲಿಯೂ ಇದ್ದಿತು. ರೂಫಸ್ ಪೇನನ ಪಾಲಿಗೆ ಬಂದುದು ಇನ್ನೂ ಹೆಚ್ಚು. ದುಃಖವು ಅವನಿಗೆ ವಸ್ತುವನ್ನು ಕೊಟ್ಟಿತು. ಹಾಡನ್ನು ಕೊಟ್ಟವರು ಬೀದಿಯ ಗುರು, ನಗರದ ಗುರು, ಮತ್ತು ಅವರ ಮುಂದೆ ತಲೆಬಾಗಿ ಸಾಲನ್ನು ಮತ್ತೆ ಮತ್ತೆ ತಿದ್ದಿದ ಶಿಷ್ಯ. ಹಾಡು ಕಟ್ಟಬೇಕೆಂಬ ತರುಣನು ಆ ನಾಲ್ಕು ನುಡಿಗಳ ಗೀತವನ್ನು ತೆಗೆದುಕೊಂಡು, ಪ್ರಾಸವನ್ನು ಎಣಿಸಿ, ‘ನೀನು’ ಎಂಬ ಶಬ್ದವು ಎಲ್ಲಿ ಬಂದಿದೆಯೆಂದು ಗುರುತುಹಾಕಿ, ಅದು ಮೊದಲೇ ಬಂದಿದ್ದರೆ ಏನಾಗುತ್ತಿತ್ತೆಂದು ಒಂದು ಸಂಜೆ ಯೋಚಿಸಲಿ. ಅವನಿಗೆ ಬೇಕಾದ ಪಾಠವೆಲ್ಲ ಅಲ್ಲಿದೆ.